ಗಾಳಿ ನೋಡಿ ಸುಡುವವಳು

ಅವನು ಮೊದಲ ಸಲ ಪಟಾಕಿ ಕಾರ್ಖಾನೆಯ ಗೇಟಿಗೆ ಬಂದ ದಿನ ಅವಳು ಅವನಿಗೆ ಸುಳ್ಳು ಹೇಳಿದಳು. ಗುರುತು ಪರಿಚಯ ಆಗುವ ಮೊದಲೇ ಸುಳ್ಳು.

ಸಂಜೆ ನಾಲ್ಕೂಕಾಲು. ಕೆಲಸದವರೆಲ್ಲ ಹೊರಟು ಹೋಗಿದ್ದರು. ಅವಳು ಗೇಟಿನ ಒಳಗೆ ನಿಂತು ಒದ್ದೆ ಬಟ್ಟೆ ಹಿಂಡುತ್ತಿದ್ದಳು. ಕಂಬಿಯ ಆಚೆ ಐವತ್ತರ ಆಸುಪಾಸಿನ ಗಂಡಸೊಬ್ಬ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ, ಕಾಲಲ್ಲಿ ಮಾತ್ರ ಮನೆಯೊಳಗೆ ಹಾಕುವ ಚಪ್ಪಲಿ. ಒಂದು ಕೈ ಗೇಟಿನ ಮೇಲಿತ್ತು, ಇನ್ನೊಂದು ಎದೆಯ ಮೇಲೆ. ಉಸಿರು ಹತೋಟಿಗೆ ಬರುವ ತನಕ ಅವನು ಬಾಯಿ ಬಿಡಲಿಲ್ಲ.

"ತೊಂದರೆ ಕೊಟ್ಟೆ ಅಕ್ಕಾ. ನಾನು ಹಿಂದಿನ ಓಣಿಯವನು. ನಿಮ್ಮ ಕಡೆ ಏನಾದ್ರೂ ಸುಡ್ತಿದ್ದೀರಾ? ಆಗಾಗ ಬಿಳೀ ಹೊಗೆ ಬರುತ್ತೆ."

"ಇಲ್ಲಪ್ಪ. ಮದ್ದಿರೋ ಜಾಗದಲ್ಲಿ ಬೆಂಕಿ ಹಚ್ಚೋಕೆ ನಮಗೇನು ಹುಚ್ಚು ಹಿಡಿದಿದೆಯಾ?"

"ಅದೂ ಸರೀನೇ," ಎಂದು ಅವನು ನಕ್ಕ. "ಪಟಾಕಿ ಕಾರ್ಖಾನೆಗೆ ಬಂದು ಬೆಂಕಿ ಇದೆಯಾ ಅಂತ ಕೇಳ್ತಿದ್ದೀನಲ್ಲ, ನನ್ನಂಥ ದಡ್ಡ ಇನ್ನೊಬ್ಬ ಇಲ್ಲ. ಬರ್ತೀನಿ ಅಕ್ಕಾ."

ಅವನು ತಿರುಗಿ ನಾಲ್ಕು ಹೆಜ್ಜೆ ಹೋದ ಮೇಲೆ ಅವಳಿಗೆ ಹೊಳೆಯಿತು, ಇದು ಬಸ್‌ಸ್ಟ್ಯಾಂಡಿನ ಧ್ವನಿ. ಕೈಯಲ್ಲಿದ್ದ ಬಟ್ಟೆ ಇದ್ದದ್ದು ಸುಟ್ಟ ತಟ್ಟೆಯನ್ನು ಒರೆಸುವುದಕ್ಕೆ. ತಟ್ಟೆ ಹಿಂದಿನ ಗೋಡೆಯ ಬಳಿ ಇನ್ನೂ ಬಿಸಿಯಾಗಿಯೇ ಇತ್ತು.

ಅವಳಿಗೆ ಓದು ಬರಹ ಅಷ್ಟಕ್ಕಷ್ಟೆ. ತನ್ನ ಹೆಸರು ಬರೆಯುತ್ತಾಳೆ, ಒಂದರಿಂದ ನೂರರವರೆಗೆ ಬಾಯಲ್ಲಿ ಎಣಿಸುತ್ತಾಳೆ. ಬಸ್ಸಿನ ಹಣೆಯ ಮೇಲೆ ಓಡುವ ಅಕ್ಷರ, ಅಂಕಿಗಳು ಅವಳ ಕಣ್ಣಿಗೆ ಇರುವೆ ಸಾಲು. ಮನೆಯಿಂದ ಬಂದು ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಬೇಕು. ಹನ್ನೊಂದು ವರ್ಷ ಅವಳನ್ನು ಸರಿಯಾದ ಬಸ್ಸಿಗೆ ಹತ್ತಿಸಿದ್ದು ಮೈಕಿನಲ್ಲಿ ಬರುವ ಆ ಧ್ವನಿ. "ಏಳನೇ ನಂಬರು, ಸೇತುವೆ ಮಾರ್ಗ, ಮೂರನೇ ಅಂಕಣ. ಓಡಬೇಡಿ, ಡ್ರೈವರು ಇನ್ನೂ ಟೀ ಕುಡೀತಿದ್ದಾರೆ." ಜನ ನಗುತ್ತಿದ್ದರು, ಡ್ರೈವರು ಲೋಟ ಎತ್ತಿ ತೋರಿಸುತ್ತಿದ್ದ. ಊರಿನವರೆಲ್ಲ ಅವನನ್ನು ಮೈಕಣ್ಣ ಎಂದೇ ಕರೆಯುತ್ತಿದ್ದರು. ಅವಳು ಅವನ ಮುಖ ನೋಡಿದ್ದು ಅವತ್ತೇ ಮೊದಲು.

ಇನ್ನು ಅವಳ ಕೆಲಸದ ವಿಷಯ. ಕಾರ್ಖಾನೆಯಲ್ಲಿ ಅವಳನ್ನು ಪೊರಕೆಯಮ್ಮ ಎನ್ನುತ್ತಿದ್ದರು. ಅಂಗಳದ ಒಂದು ಬದಿಗೆ ಮೂರು ಶೆಡ್ಡು, ದೂರ ದೂರಕ್ಕೆ. ಒಂದರಲ್ಲಿ ಕಾಗದದ ಕೊಳವೆ ಸುತ್ತುವುದು, ಒಂದರಲ್ಲಿ ಮದ್ದು ತುಂಬುವುದು, ಕೊನೆಯದರಲ್ಲಿ ಆಕಾಶಕ್ಕೆ ಹಾರಿ ಬಣ್ಣ ಚೆಲ್ಲುವ ಗುಳಿಗೆಗಳನ್ನು ಮಾಡಿ ಒಣಗಿಸುವುದು. ದಿನದ ಕೊನೆಗೆ ನೆಲದ ಮೇಲೆ ಉಳಿಯುವ ಪುಡಿ, ಬಿರುಕು ಬಿಟ್ಟ ಗುಳಿಗೆ, ಮೇಜಿನ ಸಂದಿನ ಧೂಳು, ಇಷ್ಟನ್ನೂ ಮೆತ್ತನೆಯ ಪೊರಕೆಯಲ್ಲಿ ಗುಡಿಸಿ, ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವುದು ಅವಳ ಕೆಲಸ. ಕಬ್ಬಿಣದ ಮೊರ ಮುಟ್ಟುವಂತಿಲ್ಲ, ನೈಲಾನ್ ಬಟ್ಟೆ ಉಡುವಂತಿಲ್ಲ, ಬಳೆ ತೊಡುವಂತಿಲ್ಲ. ಗಂಡ ತೀರಿಕೊಂಡ ಮೇಲೆ ಮೇಸ್ತ್ರಿ ಕೊಡಿಸಿದ ಕೆಲಸ. ಹನ್ನೊಂದು ವರ್ಷದಲ್ಲಿ ಅವಳ ಕೈಯಿಂದ ಒಂದು ಕಿಡಿ ಹಾರಿದ್ದಿಲ್ಲ. ಅದು ಅವಳ ಹೆಮ್ಮೆ.

ಗುಡಿಸಿದ್ದನ್ನು ನೀರಿನ ಡ್ರಮ್ಮಿಗೆ ಹಾಕಬೇಕು, ವಾರಕ್ಕೊಮ್ಮೆ ಗಾಡಿಯವನು ಬಂದು ದೂರದ ಹಾಳು ಕಲ್ಲುಗಣಿಗೆ ಒಯ್ಯಬೇಕು. ಅದು ಕಾಗದದ ಮೇಲಿನ ನಿಯಮ. ಗಾಡಿಯವನು ಬರುವುದನ್ನು ಬಿಟ್ಟ. ಡ್ರಮ್ಮು ತುಂಬಿ ಬಾಯಿಯವರೆಗೆ ಬಂತು. ಆಗ ಮೇಸ್ತ್ರಿ ಹೇಳಿದ, "ಹಿಂದಿನ ಗೋಡೆ ಹತ್ರ ಒಂದೊಂದು ಹಿಡಿ ಸುಟ್ಟು ಹಾಕು. ಗಾಳಿ ನೋಡಿ ಸುಡು. ಶೆಡ್ಡಿನ ಕಡೆ ಗಾಳಿ ಇದ್ರೆ ಬೆಂಕಿಕಡ್ಡಿ ಮುಟ್ಟಬೇಡ. ಯಾರು ಕೇಳಿದ್ರೂ ಇಲ್ಲ ಅನ್ನು."

ಹೇಳಿದ ಮಾತಿಗೆ ಅವಳು ಕೂದಲೆಳೆಯಷ್ಟೂ ತಪ್ಪುವವಳಲ್ಲ. ಒಂದು ಕೋಲು ನೆಟ್ಟು ಅದರ ತುದಿಗೆ ಗುಳಿಗೆ ಸುತ್ತುವ ತೆಳು ಕಾಗದದ ಪಟ್ಟಿ ಕಟ್ಟಿದಳು. ಪಟ್ಟಿ ಶೆಡ್ಡಿನ ಕಡೆ ಹಾರಿದರೆ ಅವತ್ತು ಸುಡುವಂತಿಲ್ಲ. ಗೇಟಿನ ಕಡೆ ಹಾರಿದರೂ ಬೇಡ, ಅಲ್ಲಿ ವ್ಯಾಪಾರಕ್ಕೆ ಬಂದವರು ನಿಂತಿರುತ್ತಾರೆ. ಹಿಂದಿನ ಗೋಡೆಯ ಕಡೆ ಚಾಚಿ ನಿಂತಿತೆಂದರೆ, ಅಲ್ಯೂಮಿನಿಯಂ ತಟ್ಟೆಯಲ್ಲಿ ಒಂದು ಹಿಡಿ ಹರಡಿ, ಉದ್ದನೆಯ ಕಾಗದದ ಬತ್ತಿ ಇಟ್ಟು, ಹಚ್ಚಿ, ಎಂಟು ಹೆಜ್ಜೆ ಹಿಂದೆ ಬರುತ್ತಿದ್ದಳು. ಭುಸ್ಸೆಂದು ಹಸಿರಾಗಿಯೋ ಕೆಂಪಾಗಿಯೋ ಉರಿಯುತ್ತಿತ್ತು. ಬೆಂಕಿ ಯಾವ ಬಣ್ಣದ್ದಾದರೂ ಹೊಗೆ ಮಾತ್ರ ಬಿಳಿ, ಉಕ್ಕಿದ ಹಾಲಿನ ಹಾಗೆ ದಪ್ಪ. ಅದು ಗೋಡೆ ಹತ್ತಿ ಆಚೆ ಇಳಿದುಹೋಗುತ್ತಿತ್ತು. ಇಳಿದದ್ದು ಎಲ್ಲಿಗೆ ಎಂದು ಅವಳು ಯೋಚಿಸಿರಲಿಲ್ಲ. ಆಮೇಲೆ ಪೊರಕೆ ಇಡುವ ಬೀರುವಿನ ಬಾಗಿಲ ಒಳಬದಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದಳು. ಹಸಿರು ಸುಟ್ಟ ದಿನ ಗೆರೆಯ ಪಕ್ಕ ಒಂದು ಸೊನ್ನೆ. ಮೇಸ್ತ್ರಿಗೆ ಲೆಕ್ಕ ಬೇಕಿತ್ತು.

ಗೇಟಿನ ಸುಳ್ಳು ಆಗಿ ಮೂರು ವಾರ ಕಳೆದಿರಬೇಕು. ಬೆಳಿಗ್ಗೆ ಏಳು ಗಂಟೆಗೆ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಮೈಕು "ಏಳನೇ ನಂಬರು" ಅಂದಿತು, ಆಮೇಲೆ ಕೆಮ್ಮು. ಮೈಕಿನಲ್ಲಿ ಕೆಮ್ಮಿದರೆ ಇಡೀ ಸ್ಟ್ಯಾಂಡೇ ಕೆಮ್ಮಿದ ಹಾಗೆ ಕೇಳುತ್ತದೆ. ಅಂಕಣ ಯಾವುದೆಂದು ಹೇಳುವ ಮೊದಲೇ ಮೈಕು ನಿಂತಿತು. ಅವಳು ಅಂದಾಜಿನ ಮೇಲೆ ಒಂದು ಬಸ್ಸು ಹತ್ತಿದಳು. ಅದು ಅವಳನ್ನು ಊರಾಚೆಯ ನೀರಿನ ಟ್ಯಾಂಕಿನ ಬಳಿ ಇಳಿಸಿತು. ಕೆಲಸಕ್ಕೆ ಹೋಗುವಾಗ ಒಂದೂವರೆ ಗಂಟೆ ತಡ. ಮೇಸ್ತ್ರಿ ಬಾಯಿಗೆ ಬಂದದ್ದು ಅಂದ. ಅವಳಿಗೆ ಅದು ನಾಟಲಿಲ್ಲ. ಆ ಕೆಮ್ಮು ನಾಟಿತ್ತು.

ಮರುದಿನ ಒಂದು ಬಸ್ಸು ಮೊದಲೇ ಬಂದು ಮೈಕಿನ ಗೂಡಿನ ಮುಂದೆ ನಿಂತಳು. ಗಾಜಿನ ಆಚೆಯಿಂದ ಅವನೇ ಗುರುತು ಹಿಡಿದ.

"ಓ, ಗೇಟಿನ ಅಕ್ಕ! ಬನ್ನಿ ಬನ್ನಿ. ಯಾವ ಬಸ್ಸು?"

"ಬಸ್ಸಿಗಲ್ಲ ತಮ್ಮಾ. ನಿನ್ನೆ ಕೆಮ್ತಾ ಇದ್ರಲ್ಲ, ಹೇಗಿದ್ದೀರಿ ಅಂತ."

ಅವನು ಮೈಕಿನ ಗುಂಡಿ ಆರಿಸಿದ. "ಇಪ್ಪತ್ತೆರಡು ವರ್ಷದಿಂದ ಇಲ್ಲಿ ಕೂತಿದ್ದೀನಿ. ಜನ ಈ ಗೂಡಿಗೆ ಬಂದು ಬಸ್ಸು ಎಲ್ಲಿದೆ ಅಂತ ಕೇಳ್ತಾರೆ. ನೀವು ಹೇಗಿದ್ದೀರಿ ಅಂತ ಕೇಳಿದವರು ನೀವೊಬ್ರೇ." ಆಮೇಲೆ, "ಭಾನುವಾರ ಮನೆಗೆ ಬನ್ನಿ ಅಕ್ಕಾ. ನೀವು ಗೋಡೆಯ ಆ ಕಡೆ ಇರೋರು, ನಿಮ್ಮಿಂದ ಒಂದು ಸಹಾಯ ಆಗ್ಬೇಕು."

ಹೋಗಬಾರದಿತ್ತು. ಹೋದಳು.

ಗೋಡೆಯ ಹಿಂದಿನ ಓಣಿಯಲ್ಲಿ ಒಂಬತ್ತು ಮನೆ, ಅವನದು ಐದನೆಯದು. ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಯ ಕೆಳಗೆ ಡಬ್ಬಗಳಲ್ಲಿ ಟೊಮೇಟೊ ಗಿಡ. ಕೋಣೆಯ ಅರ್ಧ ಭಾಗ ಹತ್ತಿ. ಅವನ ಹೆಂಡತಿ ದಿಂಬು ಹೊಲಿಯುತ್ತಿದ್ದಳು. ಮೂಟೆ ಬಿಚ್ಚಿ, ಹಿಂಜಿ, ತುಂಬಿ, ಬಾಯಿ ಹೊಲಿದು ಗೋಡೆಗೆ ಒರಗಿಸಿಟ್ಟಿದ್ದಳು. ಒಂದು ಬೂದು ಬಣ್ಣದ ಬೆಕ್ಕು ಅವುಗಳ ಮೇಲೆ ಜಮೀನ್ದಾರನ ಹಾಗೆ ಮಲಗಿತ್ತು.

"ಕೂತ್ಕೊಳ್ಳಿ ಅಕ್ಕಾ, ಬೆಕ್ಕು ಎಬ್ಬಿಸಿ ಕೂತ್ಕೊಳ್ಳಿ," ಎಂದಳು ಹೆಂಡತಿ. "ಈ ಮನೇಲಿ ಬೆಕ್ಕಿಗಿರೋ ಮರ್ಯಾದೆ ನನಗಿಲ್ಲ. ಊರಿಗೆಲ್ಲ ದಾರಿ ಹೇಳೋ ಮಹಾನುಭಾವ, ತನ್ನ ಚಪ್ಪಲಿ ಎಲ್ಲಿದೆ ಅಂತ ನನ್ನ ಕೇಳ್ತಾನೆ."

"ಅವಳು ಹಾಗೇ ಅಕ್ಕಾ. ನಾನು ಮೈಕಿನಲ್ಲಿ ಮಾತಾಡ್ತೀನಿ, ಇವಳಿಗೆ ಮೈಕೇ ಬೇಡ."

ಅವರ ಜಗಳ ಕೇಳಿದರೆ ಇಪ್ಪತ್ತು ವರ್ಷ ಒಟ್ಟಿಗೆ ನಕ್ಕವರು ಎಂದು ಗೊತ್ತಾಗುತ್ತಿತ್ತು.

ಅವನು ಒಂದು ಪುಸ್ತಕ ತೆಗೆದ. ಉಸಿರು ಕಟ್ಟಿದ ದಿನ, ಹೊತ್ತು, ಹೇಗಾಯಿತು ಎಂದು ಬರೆದಿಟ್ಟಿದ್ದ. ಅವನೇ ಓದಿದ. "ಮಂಗಳವಾರ, ನಾಲ್ಕು ಗಂಟೆ. ಬಿಳೀ ಹೊಗೆ. ಬಾಯಲ್ಲಿ ನಾಣ್ಯ ಇಟ್ಟ ಹಾಗೆ. ರಾತ್ರಿ ಕೂತೇ ನಿದ್ದೆ." ಬೆಳಗಿನ ಪಾಳಿ ಮುಗಿಸಿ ಮೂರಕ್ಕೆ ಮನೆಗೆ ಬಂದು, ಕಿಟಕಿ ತೆರೆದು ಮಲಗುವುದು ಅವನ ರೂಢಿ. "ಡಾಕ್ಟ್ರು ಹೇಳಿದ್ರು, ಕಾರಣ ಗೊತ್ತಾದ್ರೆ ಉಳಿದ ಅರ್ಧ ಶ್ವಾಸಕೋಶ ಉಳಿಸಬಹುದು, ಗೊತ್ತಾಗ್ದೆ ಇದ್ರೆ ಮೈಕು ಬಿಡಬೇಕು ಅಂತ. ಮೈಕು ಬಿಟ್ರೆ ನಾನೇನು ಅಕ್ಕಾ, ಬರೀ ಅಣ್ಣ." ಎಂದು ನಗಲು ಹೋಗಿ ಕೆಮ್ಮಿದ. "ಅದಕ್ಕೇ ಕೇಳೋದು. ನಿಮ್ಮ ಕಡೆಯಿಂದ ಹೊಗೆ ಎಲ್ಲಿ ಏಳುತ್ತೆ ಅಂತ ಒಂಚೂರು ನೋಡ್ತೀರಾ? ನನ್ನ ಕಣ್ಣಿಗೆ ಗೋಡೆ ಅಡ್ಡ."

"ನೋಡ್ತೀನಿ ತಮ್ಮಾ," ಎಂದಳು.

ಏಳುವಾಗ ಕಿಟಕಿಯಿಂದ ಹೊರಗೆ ನೋಡಿದಳು. ಗೋಡೆಯ ಮೇಲೆ ಅವಳು ನೆಟ್ಟ ಕೋಲಿನ ತುದಿ ಕಾಣುತ್ತಿತ್ತು. ಕಾಗದದ ಪಟ್ಟಿ ಬೆರಳು ಚಾಚಿದ ಹಾಗೆ ನೇರ ಈ ಕಿಟಕಿಯ ಕಡೆಗೇ ಹಾರುತ್ತಿತ್ತು. ಸುಡಲು ಹೇಳಿ ಮಾಡಿಸಿದಂಥ ಗಾಳಿ. ತಾನು ಎಷ್ಟು ಜೋಪಾನ ಮಾಡಿದೆನೋ ಅಷ್ಟೂ ಹೊಗೆ ಒಂದು ಹನಿ ಸೋರದೆ ಇವನ ಹಾಸಿಗೆಗೇ ಬಂದಿದೆ ಎಂದು ಅವಳಿಗೆ ಅರ್ಥವಾಯಿತು. ಅಜಾಗ್ರತೆಯ ಹೆಂಗಸಾಗಿದ್ದರೆ ಒಂದಷ್ಟು ಹೊಗೆ ಶೆಡ್ಡಿಗೂ ಹೋಗುತ್ತಿತ್ತು, ಒಂದಷ್ಟು ಗೇಟಿಗೂ. ಮುಖ ಬಿಸಿಯಾಯಿತು. ಟೊಮೇಟೊ ಎಲೆಗಳ ಅಂಚು ಸುಟ್ಟ ಕಾಗದದ ಹಾಗೆ ಕಂದಾಗಿತ್ತು. ಅದನ್ನೂ ನೋಡಿದಳು.

ಆಗಲೇ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹೆಂಡತಿ, "ಅಕ್ಕಾ, ಒಂದು ದಿಂಬು ತಗೊಂಡು ಹೋಗಿ, ನಿಮ್ಮ ವಯಸ್ಸಿಗೆ ಕುತ್ತಿಗೆ ನೋವು ಇದ್ದೇ ಇರುತ್ತೆ," ಎಂದು ಕೈಗೆ ತುರುಕಿದಳು. ದಿಂಬು ತಬ್ಬಿಕೊಂಡು, ಬಂದ ಮಾತನ್ನು ನುಂಗಿಕೊಂಡು ಅವಳು ಮನೆಗೆ ಹೋದಳು.

ಸುಡುವುದನ್ನು ತಪ್ಪಿಸಲು ನೋಡಿದಳು. ಒಂದು ವಾರ ಪುಡಿಯನ್ನೆಲ್ಲ ನೀರಿಗೇ ಹಾಕಿದಳು. ಡ್ರಮ್ಮು ಹೊರಗೆ ಚೆಲ್ಲಿತು. ಮೇಸ್ತ್ರಿ ಬೀರುವಿನ ಬಾಗಿಲು ತೆಗೆದು ನೋಡಿದ. "ಗೆರೆ ಯಾಕೆ ನಿಂತಿದೆ?"

"ಆ ಕಡೆ ಮನೆಗಳಿವೆ ಮೇಸ್ತ್ರಿ. ಹೊಗೆ ಅಲ್ಲಿಗೇ ಹೋಗುತ್ತೆ."

"ಹೊಗೆ ಎಲ್ಲಾದ್ರೂ ಹೋಗ್ಲೇಬೇಕಲ್ಲ ಪೊರಕೆಯಮ್ಮಾ. ನಿನ್ನ ಮನೆಗೆ ಕಳಿಸೋಣ್ವಾ? ಮನೇಲಿ ಕೂತು ಗಾಳಿ ನೋಡ್ತೀಯಾ, ಇಲ್ಲಿ ಕೆಲಸ ಮಾಡ್ತೀಯಾ, ಯೋಚನೆ ಮಾಡು."

ಐವತ್ತೆಂಟು ವಯಸ್ಸು, ಬೇರೆ ಕೆಲಸ ಗೊತ್ತಿಲ್ಲ. ಯೋಚನೆ ಮಾಡಿ ಸುಟ್ಟಳು.

ಮೈಕಣ್ಣನ ಪುಸ್ತಕ ತುಂಬುತ್ತ ಬಂತು. ಅವನು ಅದನ್ನು ಆರೋಗ್ಯದ ಕಚೇರಿಗೆ ಒಯ್ದು ತೋರಿಸಿ ದೂರು ಕೊಟ್ಟ. ತಪಾಸಣೆಗೆ ಸಾಹೇಬರು ಬರುತ್ತಾರೆ ಎಂಬ ಸುದ್ದಿ ಮೇಸ್ತ್ರಿಗೆ ಒಂದು ದಿನ ಮೊದಲೇ ಮುಟ್ಟಿತು. ತಟ್ಟೆಯನ್ನು ಕಾಗದದ ಮೂಟೆಗಳ ಕೆಳಗೆ ಹೂತರು. ಕೋಲು ಕಿತ್ತರು. ಬೀರುವಿನ ಬಾಗಿಲು ಒರೆಸು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳೇ ಒರೆಸಿದಳು, ತಾನಾಗಿ, ಮೂರು ಸಲ ಬಟ್ಟೆ ಹಿಂಡಿ, ಮೂಲೆಯಲ್ಲೂ ಬಿಳುಪು ಉಳಿಯದ ಹಾಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರಾದರೂ ಕಳ್ಳ ಅನ್ನುವ ಮೊದಲೇ ಅವಳು ಹೆಗಲು ತೊಳೆದುಕೊಂಡಳು.

ಸಾಹೇಬರು ಸಾಧು ಮನುಷ್ಯ, ಕೈಯಲ್ಲಿ ಒಂದು ರಟ್ಟು, ಪೆನ್ನು. "ಇಲ್ಲಿ ಏನಾದ್ರೂ ಸುಡ್ತೀರಾ ಅಮ್ಮಾ?"

"ಇಲ್ಲ ಸ್ವಾಮಿ. ಎಲ್ಲ ನೀರಿಗೇ ಹಾಕ್ತೀವಿ. ನೋಡಿ ಡ್ರಮ್ಮು."

ಅವರು ಡ್ರಮ್ಮು ನೋಡಿ ಬರೆದುಕೊಂಡರು. ಅಲ್ಲಿಂದ ಓಣಿಗೆ ಹೋಗಿ ಮೈಕಣ್ಣನ ಮನೆ ನೋಡಿದರು: ಒಂದೇ ಕೋಣೆ, ಬೆಕ್ಕು, ತೊಲೆತೊಲೆಗೂ ಅಂಟಿದ ಹತ್ತಿಯ ಎಳೆ. ಹೊಗೆಯ ಮೂಲ ಸಿಗಲಿಲ್ಲ, ಉಸಿರಿನ ತೊಂದರೆಗೆ ಮನೆಯೊಳಗಿನ ಧೂಳು ಕಾರಣವಿರಬಹುದು ಎಂದು ಕಾಗದ ಬಂತು.

ಆ ಕಾಗದ ಆ ಮನೆಯಲ್ಲಿ ಮಾಡಿದ ಕೆಲಸವನ್ನು ಅವಳು ಭಾನುವಾರ ಭಾನುವಾರ ಹೋಗಿ ಕಣ್ಣಾರೆ ನೋಡಿದಳು. ಹೋಗದೆ ಇರುವುದಕ್ಕೆ ಅವಳಿಂದ ಆಗಲಿಲ್ಲ. ಹೋದರೆ ಹೇಳುವುದಕ್ಕೂ ಆಗಲಿಲ್ಲ.

ಮೊದಲು ಬೆಕ್ಕು ಹೋಯಿತು. ಹಾಲಿನವನ ಕೈಯಲ್ಲಿ ಚೀಲದಲ್ಲಿ ಹಾಕಿ ಕಳಿಸಿದರು. ತಪಾಸಣೆಯ ಹೆದರಿಕೆಯಲ್ಲಿ ಮೇಸ್ತ್ರಿ ಎರಡು ವಾರ ಸುಡುವುದು ಬೇಡ ಎಂದಿದ್ದ. ಆ ಎರಡು ವಾರ ಮೈಕಣ್ಣನಿಗೆ ಉಸಿರು ಸಲೀಸಾಯಿತು.

"ನೋಡಿದ್ರಾ ಅಕ್ಕಾ? ಬೆಕ್ಕೇ! ಆರು ವರ್ಷ ಹೊಟ್ಟೆ ಮೇಲೆ ಮಲಗಿಸ್ಕೊಂಡೆ, ಅದು ನನ್ನ ಉಸಿರು ಕುಡೀತಾ ಇತ್ತು."

ಮೂರನೆಯ ವಾರ ಮೇಸ್ತ್ರಿ ತಟ್ಟೆ ತೆಗೆಸಿದ. ನಾಲ್ಕು ಹಿಡಿ ಬಾಕಿ ಇತ್ತು, ಎಲ್ಲ ಒಂದೇ ದಿನ. ಮೈಕಣ್ಣ ಅವತ್ತು ಸಂಜೆಯಿಂದ ಬೆಳಗಿನ ತನಕ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದನಂತೆ. ಬೆಕ್ಕು ಹೋಗಿಯೂ ಹೀಗಾಗಬೇಕಾದರೆ ಉಳಿದದ್ದು ಹತ್ತಿ. ಮೂಟೆಗಳನ್ನು ಸಾಗಹಾಕಿದರು. ಗೋಡೆ ಕೆರೆದು ಸುಣ್ಣ ಬಳಿದರು. ಆಮೇಲೆ ಹತ್ತು ದಿನ ಜಿಟಿಜಿಟಿ ಮಳೆ, ಪುಡಿಗೆ ಬೆಂಕಿ ಹತ್ತುವಂತಿರಲಿಲ್ಲ. ಅವನಿಗೆ ಮತ್ತೆ ಹಾಯೆನಿಸಿತು. ಅಲ್ಲಿಗೆ ಸಾಕ್ಷಿ ಗಟ್ಟಿಯಾಯಿತು.

ಒಂದು ಭಾನುವಾರ ಬಾಗಿಲ ಹೊರಗೇ ಅವನ ಮಾತು ಕೇಳಿಸಿತು. ಮೈಕಿನಲ್ಲಿ ಎಂದೂ ಕೇಳದ ದನಿ.

"ಎಷ್ಟು ಸಲ ಹೇಳಿದ್ದೆ, ಆ ದಿಂಬು ಹೊರಗಿಟ್ಟು ಹೊಲಿ ಅಂತ? ಇಪ್ಪತ್ತು ವರ್ಷ ನಿನ್ನ ಹತ್ತೀನೇ ಉಸಿರಾಡಿದ್ದೀನಿ ನಾನು. ನಿನ್ನ ಕೈಯಾರೆ ತುಂಬಿದ್ದೀಯಾ, ದಿಂಬಿಗೆ ತುಂಬಿದ ಹಾಗೆ."

ಹೆಂಡತಿಯ ಉತ್ತರಕ್ಕೆ ಅವಳು ಕಾದಳು. ಆ ಮನೆಯಲ್ಲಿ ಮಾತಿಗೆ ಮಾತು ಇದ್ದೇ ಇರುತ್ತಿತ್ತು. ಉತ್ತರ ಬರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಆ ಬರೆಯ ಕಬ್ಬಿಣ ಕಾಯಿಸಿದ್ದು ತನ್ನ ತಟ್ಟೆಯಲ್ಲೇ ಎಂದು ಅವಳಿಗೆ ಗೊತ್ತಿತ್ತು. ಅವಳು ಬಾಗಿಲು ತಟ್ಟದೆ ತಿರುಗಿ ಹೋದಳು.

ಮಳೆ ನಿಂತಿತು, ಗಾಳಿ ಗೋಡೆಯ ಕಡೆ ತಿರುಗಿತು. ಆ ತಿಂಗಳಲ್ಲೇ ಅವನಿಂದ ಮೈಕು ಕಿತ್ತುಕೊಂಡರು. ಪ್ರಯಾಣಿಕರು ಬಿಟ್ಟುಹೋದ ಕೊಡೆ, ಚೀಲ, ಚಪ್ಪಲಿ ಕಾಯುವ ಕೋಣೆಯಲ್ಲಿ ಕೂರಿಸಿದರು. ಸ್ಟ್ಯಾಂಡಿನಲ್ಲಿ ಅಕ್ಷರ ಓಡುವ ಒಂದು ಹಲಗೆ ಹಾಕಿದರು. ಅವಳು ದಿನಾ ಯಾರನ್ನಾದರೂ ಕೇಳಿ ಬಸ್ಸು ಹತ್ತಬೇಕಾಯಿತು. "ಅಲ್ಲೇ ಬರ್ದಿದೆಯಲ್ಲಮ್ಮಾ, ಕಣ್ಣು ಕಾಣಲ್ವಾ?" ಅನ್ನುತ್ತಿದ್ದರು. ಅವಳು ಹೂಂ, ಕಣ್ಣು ಕಾಣಲ್ಲ ಅನ್ನುತ್ತಿದ್ದಳು.

ಹೆಂಡತಿ ಒಂದು ದಿನ ಕಾರ್ಖಾನೆಯ ಗೇಟಿಗೇ ಬಂದಳು. ಕೈಗಾಡಿಯಲ್ಲಿ ಹೊಲಿಗೆ ಯಂತ್ರ.

"ಇದನ್ನ ನೀವಿಟ್ಕೊಳ್ಳಿ ಅಕ್ಕಾ. ಮನೇಲಿದ್ರೆ ಅದನ್ನ ನೋಡಿದಾಗೆಲ್ಲ ಅವರ ಮುಖ ಗಂಟಾಗುತ್ತೆ. ಮಾರೋಕೆ ಮನಸ್ಸು ಬರಲ್ಲ. ನೀವಾದ್ರೆ ಜೋಪಾನ ಮಾಡ್ತೀರಿ."

"ಅಯ್ಯೋ, ಬೇಡ ತಾಯಿ. ನಿನ್ನ ಕೈಕಸುಬು ಅದು."

"ಕಸುಬು ಅಲ್ಲ ಅಕ್ಕಾ, ಕೊಲೆ. ಗಂಡನ್ನ ಕೊಂದ್ಕೊಂಡು ದಿಂಬು ಹೊಲಿದೆ ನಾನು. ಗೊತ್ತಿರ್ಲಿಲ್ಲ ನನಗೆ, ಆಣೆ ಮಾಡಿ ಹೇಳ್ತೀನಿ, ಗೊತ್ತಿರ್ಲಿಲ್ಲ." ಅವಳು ಅಳಲಿಲ್ಲ. ಯಂತ್ರದ ಚಕ್ರವನ್ನು ಒಂದು ಸಲ ಅಂಗೈಯಿಂದ ತಿರುಗಿಸಿ, ಗಾಡಿಯ ಹಿಡಿಯನ್ನು ಇವಳ ಕೈಗಿತ್ತು ಹೋದಳು.

ಗೊತ್ತಿರಲಿಲ್ಲ ಎಂದು ಒಬ್ಬಳು ಆಣೆ ಇಡುತ್ತಿದ್ದಾಗ, ಗೊತ್ತಿದ್ದವಳು ಮುಂದೆಯೇ ನಿಂತಿದ್ದಳು, ಬಾಯಿ ಹೊಲಿದ ದಿಂಬಿನ ಹಾಗೆ.

ಎರಡು ರಾತ್ರಿ ಯಂತ್ರ ಅವಳ ಕೋಣೆಯಲ್ಲಿತ್ತು. ಮುಸುಕು ತೆಗೆದು ನೋಡಲಿಲ್ಲ. ಮೂರನೆಯ ದಿನ ಕೆಲಸಕ್ಕೆ ಹೋಗದೆ, ಅದೇ ಕೈಗಾಡಿ ತಳ್ಳಿಕೊಂಡು ಓಣಿಯ ಐದನೆಯ ಮನೆಗೆ ಹೋದಳು.

ಮುಂದೆ ಆದದ್ದನ್ನು ಮೊದಲು ಹೇಳಿಬಿಡುವುದು ವಾಸಿ. ಅವಳು ಆರೋಗ್ಯದ ಕಚೇರಿಗೆ ಹೋಗಿ ಅದೇ ಸಾಹೇಬರ ಮುಂದೆ ನಿಂತು ಎಲ್ಲ ಹೇಳಿದಳು; ಡ್ರಮ್ಮು ತೋರಿಸಿದ್ದು, ಬಾಗಿಲು ಒರೆಸಿದ್ದು, ಯಾವುದನ್ನೂ ಬಿಡಲಿಲ್ಲ. ಅವರು ಬರೆದುಕೊಂಡರು. ಅವಳು ಹೆಬ್ಬೆಟ್ಟು ಒತ್ತಲಿಲ್ಲ, ಹೆಸರು ಬರೆದಳು. ಮೇಸ್ತ್ರಿ ಅವತ್ತೇ ಅವಳನ್ನು ಗೇಟಿನ ಹೊರಗೆ ಹಾಕಿದ. ಕಾರ್ಖಾನೆಗೆ ದಂಡ ಬಿತ್ತು, ಗಾಡಿ ಮತ್ತೆ ಬರತೊಡಗಿತು, ಗೋಡೆಯ ಹಿಂದೆ ಹೊಗೆ ನಿಂತಿತು. ಅಷ್ಟು ಹೊತ್ತಿಗೆ ಮೈಕಣ್ಣನನ್ನು ಅವನ ಅಣ್ಣ ಬಂದು ತನ್ನೂರಿಗೆ ಕರೆದೊಯ್ದಿದ್ದ. ಅಲ್ಲಿ ಅವನು ಏಳು ತಿಂಗಳು ಬದುಕಿದ್ದನಂತೆ. ಸ್ಟ್ಯಾಂಡಿನ ಒಬ್ಬ ಕಂಡಕ್ಟರು ಅವಳಿಗೆ ಹೇಳಿದ. ಹೇಳಬೇಕಾದವರಿಗೆಲ್ಲ ಅವಳು ಹೇಳಿದಳು, ಒಬ್ಬಳನ್ನು ಬಿಟ್ಟು.

ಯಂತ್ರ ತಳ್ಳಿಕೊಂಡು ಹೋದ ಆ ದಿನ ಮೈಕಣ್ಣ ಒಬ್ಬನೇ ಇದ್ದ. ಹೆಂಡತಿ ಔಷಧಿ ತರಲು ಹೋಗಿದ್ದಳು. ಬಿಳಿ ಸುಣ್ಣದ ಖಾಲಿ ಕೋಣೆಯಲ್ಲಿ ಅವನು ಕಿಟಕಿಯ ಬಳಿ ಎರಡು ಹಲಗೆ ಒರಗಿಸಿಕೊಂಡು ಕೂತಿದ್ದ. ದಿಂಬಿನವಳ ಮನೆಯಲ್ಲಿ ಒರಗಲು ಒಂದು ದಿಂಬಿಲ್ಲ. ಕೈಗಾಡಿ ನೋಡಿ ಹುಬ್ಬೇರಿಸಿದ.

"ಯಂತ್ರ ವಾಪಸ್ ತಂದ್ರಾ? ಹೊಲಿಯೋಕೆ ಬರ್ಲಿಲ್ವಾ?"

ಅವಳು ನೆಲದ ಮೇಲೆ ಕೂತಳು. ಪೀಠಿಕೆ ಹಾಕಲು ಅವಳಿಗೆ ಬರುವುದಿಲ್ಲ.

"ಹೊಗೆ ನಂದು ತಮ್ಮಾ. ಸುಟ್ಟೋಳು ನಾನೇ. ನೀವು ಗೇಟಿಗೆ ಬಂದ ದಿನಾನೂ ಸುಟ್ಟಿದ್ದೆ. ಬೆಕ್ಕಲ್ಲ, ಹತ್ತಿ ಅಲ್ಲ."

ಅವಳು ಹೇಳುತ್ತ ಹೋದಳು. ಬಾಗಿಲ ಗೆರೆ ಅಳಿಸಿದ್ದರೂ ತಲೆಯೊಳಗಿನ ಗೆರೆ ಅಳಿಸಿರಲಿಲ್ಲ. ತಾರೀಖು ಗೊತ್ತಿಲ್ಲದೆ ದಿನವನ್ನು ದಿನದ ಕೆಲಸದಿಂದ ಹೇಳಿದಳು: ಕಾಗದದ ಲಾರಿ ಕೆಟ್ಟು ನಿಂತ ಸೋಮವಾರ, ಎರಡು ಹಿಡಿ, ಕೆಂಪು. ಮೇಸ್ತ್ರಿಗೆ ಹಲ್ಲುನೋವು ಬಂದ ಮರುದಿನ, ಒಂದು, ಹಸಿರು. ತಾನು ಅಂದಾಜಿನ ಮೇಲೆ ಬಸ್ಸು ಹತ್ತಿ ತಡವಾದ ದಿನದ ಹಿಂದಿನ ಸಂಜೆ, ಮೂರು. ಅವನು ನಿಧಾನ ಕೈ ಚಾಚಿ ಪುಸ್ತಕ ತೆಗೆದ. ಅವಳು ಒಂದು ದಿನ ಹೇಳಿದಾಗ ಅವನು ಹಾಳೆಯಲ್ಲಿ ಹುಡುಕಿ ಪೆನ್ಸಿಲಿನಲ್ಲಿ ಒಂದು ಗುರುತು ಹಾಕುತ್ತಿದ್ದ. ಕೋಣೆಯಲ್ಲಿ ಅವನ ಎದೆಯ ಸುಯ್ಯ್ ಸದ್ದು, ಪೆನ್ಸಿಲಿನ ಸದ್ದು, ಅವಳ ಮಾತು, ಇಷ್ಟೇ. ಮೂವತ್ತನಾಲ್ಕು ದಿನ ಹೇಳಿದಳು. ಮೂವತ್ತೆರಡಕ್ಕೆ ಗುರುತು ಬಿತ್ತು.

"ಎರಡು ದಿನ ಇಲ್ಲ," ಎಂದ. ಉಸಿರು ಎಳೆದುಕೊಂಡ. "ಅಣ್ಣನ ಮಗಳ ಮದುವೆ. ಆ ಎರಡು ದಿನ... ನಾವು ಊರಲ್ಲೇ ಇರ್ಲಿಲ್ಲ."

ಪುಸ್ತಕ ಮುಚ್ಚಿದ. ಅವನು ಬೈಯುತ್ತಾನೆ ಎಂದು ಅವಳು ತಲೆ ಬಗ್ಗಿಸಿ ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು. ಹೊಡೆದಿದ್ದರೂ ಆಗುತ್ತಿತ್ತು. ಅವನು ಅವಳನ್ನು ನೋಡುತ್ತಲೇ ಇರಲಿಲ್ಲ. ಕೈಗಾಡಿಯ ಮೇಲಿನ ಯಂತ್ರವನ್ನು ನೋಡುತ್ತಿದ್ದ. ಅವನ ಮುಖ ಮೆಲ್ಲಗೆ ಕೆಂಪಾಯಿತು, ಕಿವಿಯ ತನಕ. ಆ ಬಣ್ಣ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ತಿಂಗಳಿಂದ ಅದನ್ನು ಹೊತ್ತುಕೊಂಡೇ ತಿರುಗಿದ್ದಳು. ಈಗ ಅದು ಅವನಿಗೂ ಅಂಟಿತ್ತು. ಕೆಟ್ಟದ್ದು ಮಾಡಿದವಳು ಇವಳು. ನಾಚಿಕೆಯಲ್ಲಿ ಪಾಲು ಅವನಿಗೂ ಬಂದುಬಿಟ್ಟಿತ್ತು.

"ಕೊಲೆ ಮಾಡ್ದೆ ನೀನು ಅಂದೆ ಅವಳಿಗೆ," ಎಂದ. "ನನ್ನ ಬಾಯಲ್ಲೇ ಅಂದೆ. ಒಂದು ಸಲ ಅಲ್ಲ. ಅವಳು ತಿರುಗಿ ಒಂದು ಮಾತು ಆಡ್ಲಿಲ್ಲ ಅಕ್ಕಾ. ನಂಬಿಬಿಟ್ಲು."

ಓಣಿಯ ತುದಿಯಲ್ಲಿ ಚಪ್ಪಲಿಯ ಸದ್ದು ಕೇಳಿಸಿತು. ಯಾರ ನಡಿಗೆ ಎಂದು ಇಬ್ಬರಿಗೂ ಗೊತ್ತಿತ್ತು. ಪಕ್ಕದ ಮನೆಯವಳ ಜೊತೆ ಒಂದು ಮಾತು, ಮತ್ತೆ ಚಪ್ಪಲಿ. ಅವನು ಹಲಗೆಯಿಂದ ಬೆನ್ನು ಎತ್ತಿ, ಅಂಗಿಯ ಗುಂಡಿ ಸರಿಮಾಡಿಕೊಂಡು, ಮೊದಲ ಸಲ ನೇರ ಅವಳ ಕಣ್ಣನ್ನೇ ನೋಡಿ ಕೇಳಿದ:

"ಈಗ ಅವಳಿಗೆ ಹೇಳೋರು ಯಾರು ಅಕ್ಕಾ? ನೀವಾ, ನಾನಾ?"